ಆಪರೇಟರನ ಮಾನಿಟರ್

ನನ್ನ ಗೆಳೆಯ ತೀರಿಕೊಂಡು ನಾಲ್ಕು ತಿಂಗಳಾಯಿತು. ಒಂದು ದೊಡ್ಡ ಆಸ್ಪತ್ರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವನು ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದ. ಹನ್ನೊಂದನೆಯ ವಯಸ್ಸಿನಲ್ಲಿ ಒಂದು ಜ್ವರ ಬಂದು ಎರಡೂ ಕಣ್ಣು ಹೋಗಿದ್ದವು. ಆಸ್ಪತ್ರೆಯವರೆಲ್ಲ ಅವನನ್ನು ಆಪರೇಟರ್ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಈ ಆಸ್ಪತ್ರೆಯಲ್ಲಿ ಆಪರೇಷನ್ನಿನ ಕತ್ತಿ ಮುಟ್ಟದ ಆಪರೇಟರ್ ತಾನೊಬ್ಬನೇ ಎಂಬುದು ಅವನ ಹಳೆಯ ಜೋಕು. ಹೊಸಬರು ಸಿಕ್ಕಿದಾಗೆಲ್ಲ ತಪ್ಪದೆ ಹೇಳುತ್ತಿದ್ದ. ಅವರು ನಗುವ ತನಕ ಬಿಡುತ್ತಿರಲಿಲ್ಲ.

ನಾನು ಒಂದು ಮುದ್ರಣಾಲಯದಲ್ಲಿ ಪ್ರೂಫ್ ರೀಡರ್ ಆಗಿದ್ದೆ. ಆಸ್ಪತ್ರೆಯ ಚೀಟಿ, ಫಾರಂ, ವಾರ್ಷಿಕ ವರದಿ ಎಲ್ಲವೂ ನಮ್ಮಲ್ಲೇ ಅಚ್ಚಾಗುತ್ತಿದ್ದವು. ಅನುಮಾನ ಬಂದಾಗ ಅಲ್ಲಿನ ಕಚೇರಿಗೆ ಫೋನ್ ಮಾಡುತ್ತಿದ್ದೆ. ಲೈನ್ ಖಾಲಿಯಾಗುವವರೆಗೆ ಆಪರೇಟರ್ ನನ್ನನ್ನು ಮಾತಿಗೆಳೆಯುತ್ತಿದ್ದ. "ಮೊದಲ್ನೇ ಪ್ರೂಫೋ ಎರಡನೇದೋ?" ಎಂದು ಕೇಳುತ್ತಿದ್ದ. ಎರಡು ವರ್ಷ ಹೀಗೇ ನಡೆಯಿತು. ಒಂದು ದಿನ ಕರಡಿನ ಕಟ್ಟು ಹಿಡಿದು ನಾನೇ ಆಸ್ಪತ್ರೆಗೆ ಹೋದೆ. ಎಕ್ಸ್‌ಚೇಂಜಿನ ಬಾಗಿಲಲ್ಲಿ ನಿಂತು ಇನ್ನೂ ಬಾಯಿ ತೆರೆದಿರಲಿಲ್ಲ, ಒಮ್ಮೆ ಕೆಮ್ಮಿದ್ದೆ ಅಷ್ಟೇ. "ಬಾ ಪ್ರೂಫು, ಆ ಸ್ಟೂಲು ಎಳ್ಕೋ" ಅಂದ. ಅವತ್ತಿನಿಂದ ನಾನು ಅವನಿಗೆ ಪ್ರೂಫು.

ಅವನು ಮದುವೆಯಾಗಲಿಲ್ಲ. ಗಂಡನನ್ನು ಕಳೆದುಕೊಂಡ ಅಕ್ಕನ ಜೊತೆ ಎರಡು ಕೋಣೆಯ ಮನೆಯಲ್ಲಿ ಇದ್ದ. ಅಕ್ಕನಿಗೆ ಕಿವಿ ಮಂದ. "ಅವನಿಗೆ ಕಾಣಲ್ಲ, ನನಗೆ ಕೇಳಲ್ಲ. ಇಬ್ಬರನ್ನೂ ಸೇರಿಸಿದ್ರೆ ಒಂದು ಆಳು, ಸ್ವಲ್ಪ ಮಿಗುತ್ತೆ" ಎಂದು ಅಕ್ಕ ಹೇಳುತ್ತಿದ್ದರು. ಯಾರಾದರೂ ಬಾಗಿಲು ಬಡಿದರೆ ಅವನು ಅಕ್ಕನ ತೋಳು ತಟ್ಟುತ್ತಿದ್ದ, ಅಕ್ಕ ಹೋಗಿ ನೋಡಿ ಬಂದವರು ಯಾರೆಂದು ಕೂಗಿ ಹೇಳುತ್ತಿದ್ದರು. ಬಂದವರಿಗೂ ಅದು ಕೇಳುತ್ತಿತ್ತು.

ಅವನು ನಿವೃತ್ತನಾದ ವರ್ಷವೇ ಆಸ್ಪತ್ರೆ ಎಕ್ಸ್‌ಚೇಂಜನ್ನು ಮುಚ್ಚಿತು. ಅವನ ಕುರ್ಚಿಯ ಜಾಗದಲ್ಲಿ ಒಂದು ಧ್ವನಿಮುದ್ರಣ ಕೂತಿತು: ಹೊರರೋಗಿ ವಿಭಾಗಕ್ಕೆ ಒಂದನ್ನು ಒತ್ತಿ, ವಾರ್ಡುಗಳಿಗೆ ಎರಡನ್ನು ಒತ್ತಿ. ಅವನು ಮನೆಯಿಂದ ಒಂದು ಸಲ ಫೋನ್ ಮಾಡಿ ಕೇಳಿಸಿಕೊಂಡ. "ಗಂಟಲು ಚೆನ್ನಾಗಿದೆ, ಆದ್ರೆ ಆಚೆ ಕಡೆ ಯಾರೂ ಇಲ್ಲ" ಅಂದ. ಆಮೇಲೆ ಆ ನಂಬರಿಗೆ ಮಾತ್ರವಲ್ಲ, ಯಾರಿಗೂ ಫೋನ್ ಮಾಡುವುದನ್ನೇ ಬಿಟ್ಟುಬಿಟ್ಟ. ಒಂದು ಜನ್ಮಕ್ಕೆ ಆಗುವಷ್ಟು ಹಲೋ ಹೇಳಿ ಆಗಿದೆ, ಬೇಕಾದವರು ಬರಲಿ ಎಂಬುದು ಅವನ ವಾದ.

ಅವನಿಗಿದ್ದ ಆಸೆ ಒಂದೇ, ಒಂದು ಪುಸ್ತಕ ಬರೆಯುವುದು. ಮೂವತ್ತೊಂದು ವರ್ಷದಲ್ಲಿ ಅವನು ಕೇಳಿದ, ಆದರೆ ಎಂದೂ ಭೇಟಿಯಾಗದ ಜನರ ಬಗ್ಗೆ. ದನಿ ಮಾತ್ರ ಗೊತ್ತಿದ್ದವರು. ಒಬ್ಬೊಬ್ಬರಿಗೆ ಎರಡೆರಡು ಪುಟ. ಹೆರಿಗೆ ವಾರ್ಡಿಗೆ ಲೈನ್ ಕೊಡಿ ಎಂದವನು, ಕೊಟ್ಟ ಮೇಲೆ ಮಾತಾಡಲು ಧೈರ್ಯ ಸಾಲದೆ ಮತ್ತೆ ಆಪರೇಟರಿಗೇ ವಾಪಸು ಬಂದದ್ದು. ಶಸ್ತ್ರವೈದ್ಯರ ತಾಯಿ ಪ್ರತಿ ಮಧ್ಯಾಹ್ನ ಫೋನ್ ಮಾಡಿ, "ಊಟ ಮಾಡಿದ್ನಾ ಅಂತ ಮಾತ್ರ ಕೇಳಿ ಹೇಳಪ್ಪ, ನಾನು ಕೇಳಿದ್ದು ಅಂತ ಹೇಳ್ಬೇಡ" ಎನ್ನುತ್ತಿದ್ದದ್ದು. ಈ ಕಥೆಗಳನ್ನು ನನಗೆ ಬಾಯಲ್ಲಿ ಹೇಳಿದ್ದ. ಹೇಳು, ನಾನು ಬರೆದುಕೊಳ್ಳುತ್ತೇನೆ ಅಂದರೆ ಒಪ್ಪಲಿಲ್ಲ.

"ನಿಂಗೆ ಹೇಳಿದ್ರೆ ನೀನು ಬರೆದ ಹಾಗಾಗತ್ತೆ. ನೀನು ತಿದ್ದದೇ ಇರೋನಲ್ಲ. ಇದೊಂದು ನಾನೇ ಮಾಡ್ಬೇಕು ಕಣೋ, ಯಾರ ಕಣ್ಣಿನ ಹಂಗೂ ಇಲ್ಲದೆ."

ಅದಕ್ಕೇ ಕಂಪ್ಯೂಟರ್ ತಂದ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ತಂತ್ರಾಂಶ ಅದರಲ್ಲಿತ್ತು. ಕೀಲಿಮಣೆ ಅವನಿಗೆ ಎರಡೇ ವಾರದಲ್ಲಿ ಕೈಗೆ ಕೂತಿತು. ಕೈಗೆ ಕೂರದೆ ಇದ್ದದ್ದು ಉಳಿದದ್ದೆಲ್ಲ.

ಅಂಗಡಿಯಿಂದ ಬಂದ ಆ ಯಂತ್ರದೊಳಗೆ ಅವನಿಗೆ ಬೇಕಾದದ್ದು ಒಂದಿದ್ದರೆ ಬೇಡವಾದದ್ದು ನೂರಿತ್ತು. ಆನ್ ಮಾಡಿ ನಾಲ್ಕು ನಿಮಿಷ ಕಾಯಬೇಕು. ಆಮೇಲೆ ಹವಾಮಾನ ಹೇಳುತ್ತದೆ. ಯಾರೋ ಆಟಗಾರನ ಕಾಲು ಉಳುಕಿದ ಸುದ್ದಿ ಹೇಳುತ್ತದೆ. ನಿಮ್ಮ ಫೋಟೋಗಳನ್ನು ಮೋಡದಲ್ಲಿ ಇಡಲೇ ಎಂದು ಕೇಳುತ್ತದೆ. ಕಣ್ಣಿದ್ದವರು ಇಂಥದ್ದನ್ನೆಲ್ಲ ನೋಡಿಯೂ ನೋಡದ ಹಾಗೆ ದಾಟಿಬಿಡುತ್ತಾರೆ. ಅವನು ಒಂದೊಂದನ್ನೂ ಪೂರ್ತಿ ಕೇಳಿಸಿಕೊಳ್ಳಬೇಕಿತ್ತು. ಬಾಗಿಲಲ್ಲಿ ನಿಂತ ಹತ್ತು ಜನ ಮಾರಾಟಗಾರರನ್ನು ಮಾತಾಡಿಸಿ ಕಳಿಸಿದ ಮೇಲೆ ಒಳಗೆ ಬರೆಯಲು ಕೂತ ಹಾಗೆ. ಅಷ್ಟರಲ್ಲಿ ಬರೆಯಬೇಕೆಂದುಕೊಂಡಿದ್ದ ಸಾಲು ಎಲ್ಲಿಗೋ ಹೋಗಿರುತ್ತಿತ್ತು.

ಕೆಲವು ಸಂದೇಶದ ಡಬ್ಬಿಗಳು ಓದಿಸಿಕೊಳ್ಳುತ್ತಲೂ ಇರಲಿಲ್ಲ. ಪರದೆಯ ನಡುವೆ ಸುಮ್ಮನೆ ಬಂದು ನಿಲ್ಲುತ್ತಿದ್ದವು. ಯಂತ್ರ ಮೂಕವಾಗುತ್ತಿತ್ತು. ಅವನು ಅಕ್ಕನನ್ನು ಕರೆಯುತ್ತಿದ್ದ. ಅಕ್ಕನಿಗೆ ಇಂಗ್ಲಿಷ್ ಬಾರದು. "ನೀಲಿ ಬಣ್ಣದ್ದೊಂದು ಬಂದಿದೆ ಕಣೋ, ಒಳಗೆ ಬಿಳೀದೇನೋ ಇದೆ" ಎನ್ನುತ್ತಿದ್ದರು. ಅವನು ಬಿಳಿಯದ್ದು ಏನು ಎಂದು ಕೇಳಿದರೆ ಅವರಿಗೆ ಕೇಳುತ್ತಿರಲಿಲ್ಲ.

ಹಾಗಾಗಿ ಪ್ರತಿ ಭಾನುವಾರ ಬೆಳಗ್ಗೆ ಹತ್ತಕ್ಕೆ ನಾನು ಹೋಗುತ್ತಿದ್ದೆ. ಆ ಹೊತ್ತಿಗೆ ನನ್ನ ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಮುದ್ರಣಾಲಯವೂ ಮುಚ್ಚಿತ್ತು. ವಾರದ ಏಳು ದಿನಗಳಲ್ಲಿ ನಾನು ಗಡ್ಡ ಹೆರೆದುಕೊಳ್ಳಲು ಕಾರಣವಿದ್ದದ್ದು ಭಾನುವಾರಕ್ಕೆ ಮಾತ್ರ. ಅವನು ಬಾಗಿಲ ಸದ್ದಿಗೇ, "ಕಸ ಗುಡಿಸೋಕೆ ಬಂದ್ಯಾ?" ಅನ್ನುತ್ತಿದ್ದ. ನಾನು ಕನ್ನಡಕ ಹಾಕಿಕೊಂಡು ಕೂತು ಒಂದೊಂದೇ ಡಬ್ಬಿ ಮುಚ್ಚುತ್ತಿದ್ದೆ.

"ನಂತರ ನೆನಪಿಸು ಅಂತಿದೆ. ಒತ್ತಲಾ?"

"ಎಂದಿಗೂ ನೆನಪಿಸಬೇಡ ಅಂತ ಇಲ್ವಾ?"

"ಅದು ಇಲ್ಲ."

"ಎಷ್ಟು ಪ್ರೀತಿ ನೋಡು ನನ್ನ ಮೇಲೆ."

ಹೀಗೆ ಒಂದು ವರ್ಷ. ಆಮೇಲೆ ಆ ಶುಕ್ರವಾರ ಬಂತು.

ಗುರುವಾರದವನು ಎಂದು ತಾನೇ ಹೆಸರಿಟ್ಟಿದ್ದ ಒಂದು ದನಿಯ ಬಗ್ಗೆ ಅವನು ಬರೆಯುತ್ತಿದ್ದ. ಅದೊಂದನ್ನು ಮಾತ್ರ ನನಗೆ ಬಾಯಲ್ಲಿ ಹೇಳಿರಲಿಲ್ಲ. "ಅದು ಸ್ವಲ್ಪ ಕಷ್ಟದ್ದು, ಬರೆದ ಮೇಲೆ ಓದು" ಅಂದಿದ್ದ. ಮಧ್ಯಾಹ್ನ ಅವನು ಊಟಕ್ಕೆ ಎದ್ದಾಗ ಯಂತ್ರ ಅವನನ್ನು ಕೇಳದೆ ತನ್ನನ್ನು ತಾನೇ ನವೀಕರಿಸಿಕೊಂಡು, ಆರಿ, ಮತ್ತೆ ಹೊತ್ತಿಕೊಂಡಿದೆ. ಪರದೆಯ ಮೇಲೆ ಗುಪ್ತಪದ ಕೇಳುವ ಖಾನೆ ಬಂದು ನಿಂತಿದೆ. ಓದಿ ಹೇಳುವ ದನಿ ಮಾತ್ರ ಎದ್ದಿಲ್ಲ. ದನಿ ಆಗಾಗ ಹೀಗೆ ಮುನಿಸಿಕೊಳ್ಳುವುದು ಅವನಿಗೆ ರೂಢಿಯಾಗಿತ್ತು. ದನಿ ಇಲ್ಲದಿದ್ದರೇನು, ಕೀಲಿ ಒತ್ತಿದ್ದು ಕಡತಕ್ಕೆ ಹೋಗುತ್ತದೆ, ಭಾನುವಾರ ಪ್ರೂಫು ಬಂದು ದನಿ ಸರಿಮಾಡುತ್ತಾನೆ ಎಂದುಕೊಂಡು ಬರೆಯುತ್ತ ಹೋಗಿದ್ದಾನೆ. ಶುಕ್ರವಾರ ಸಂಜೆಯವರೆಗೆ. ಶನಿವಾರ ಇಡೀ ದಿನ. ಬರವಣಿಗೆ ಅಷ್ಟು ಸರಾಗವಾಗಿ ಎಂದೂ ಬಂದಿರಲಿಲ್ಲವಂತೆ.

ಭಾನುವಾರ ನಾನು ಹೋದಾಗ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ಮುಖ ತೊಳೆದ ಹಾಗಿತ್ತು.

"ಮುಗೀತು ಕಣೋ. ಗುರುವಾರದವನು ಮುಗ್ದ. ಓದು."

ನಾನು ಪರದೆ ನೋಡಿದೆ. ಗುಪ್ತಪದದ ಖಾನೆಯಲ್ಲಿ ಆ ತುದಿಯಿಂದ ಈ ತುದಿಯವರೆಗೆ ಕಪ್ಪು ಚುಕ್ಕಿಗಳು ತುಂಬಿದ್ದವು. ಕೆಳಗೆ ಸಣ್ಣ ಅಕ್ಷರದಲ್ಲಿ, ಬಹಳ ಸಲ ತಪ್ಪು ಗುಪ್ತಪದ ಕೊಟ್ಟಿದ್ದರಿಂದ ಈ ಖಾತೆಯನ್ನು ಸದ್ಯಕ್ಕೆ ಮುಚ್ಚಲಾಗಿದೆ ಎಂದಿತ್ತು. ಪ್ಯಾರಾ ಮುಗಿದಾಗಲೆಲ್ಲ ಅವನು ಎಂಟರ್ ಒತ್ತಿದ್ದ. ಒಂದೊಂದು ಪ್ಯಾರಾವನ್ನೂ ಯಂತ್ರ ತಪ್ಪು ಗುಪ್ತಪದ ಎಂದು ತೀರ್ಮಾನಿಸಿ ಅಳಿಸಿಹಾಕಿತ್ತು.

"ಯಾಕೋ ಸುಮ್ನಾದೆ? ತಪ್ಪು ಜಾಸ್ತಿ ಇದ್ಯಾ?"

ಹೇಗೆ ಹೇಳಿದೆನೋ ನೆನಪಿಲ್ಲ. ಹೇಳಿದೆ. ಅಕ್ಕ ಬಾಗಿಲಲ್ಲಿ ನಿಂತು ನಮ್ಮಿಬ್ಬರ ಮುಖವನ್ನೂ ನೋಡಿ ಏನಾಯ್ತೆಂದು ಕೇಳದೆ ಒಳಗೆ ಹೋದರು.

"ಚುಕ್ಕಿ ಎಷ್ಟಿವೆ?" ಅಂದ.

"ಎಣಿಸಲ್ಲ ನಾನು."

"ಎಣಿಸು. ಕೊನೇ ಪ್ಯಾರಾ ತಾನೇ ಅದು. ಎಷ್ಟು ಅಕ್ಷರ ಅಂತಾದ್ರೂ ಗೊತ್ತಾಗ್ಲಿ."

ನಾನು ಎಣಿಸಲಿಲ್ಲ. ಅವತ್ತು ಎಣಿಸಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಅವನು ಕೈಯಾಡಿಸುತ್ತ ಹೋಗಿ ಗೋಡೆಯ ಸ್ವಿಚ್ಚನ್ನೇ ಆರಿಸಿದ.

ಎರಡು ತಿಂಗಳು ಆ ಯಂತ್ರ ಅಕ್ಕನ ಹಳೆಯ ಸೀರೆಯೊಂದನ್ನು ಹೊದ್ದುಕೊಂಡು ಕೂತಿತ್ತು. ಪುಸ್ತಕದ ಮಾತೆತ್ತಿದರೆ ಅವನು ಮಾತು ತಿರುಗಿಸುತ್ತಿದ್ದ.

ಅವನನ್ನು ಮತ್ತೆ ಕುರ್ಚಿಗೆ ತಂದು ಕೂರಿಸಿದವರು ಪಕ್ಕದ ಬೀದಿಯ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಟೀಚರು. ಅವರ ತಾಯಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಆಪರೇಟರಿಗೆ ಬೇಕಾದವರು. ತಾಯಿಯ ಮಾತಿನ ಮೇಲೆ ಒಂದು ಸಂಜೆ ಬಂದರು. ಸೀರೆ ಎತ್ತಿ, ಯಂತ್ರ ಆನ್ ಮಾಡಿ, ಅದು ಎದ್ದು ನಿಲ್ಲುವವರೆಗೂ ಗಡಿಯಾರ ನೋಡುತ್ತ ಕೂತರು.

"ಅಂಕಲ್, ಇದರ ಮೈ ಭಾರ. ಯಂತ್ರದ್ದೇನೂ ತಪ್ಪಿಲ್ಲ, ಒಳಗೆ ತುಂಬಿರೋದರದ್ದು. ಇದನ್ನೆಲ್ಲ ತೆಗೆದು ಲಿನಕ್ಸ್ ಅಂತ ಬೇರೆ ತಂತ್ರಾಂಶ ಹಾಕಿಕೊಡ್ತೀನಿ."

"ಅದು ಯಾವ ಕಂಪನೀದು?"

"ಯಾವ ಕಂಪನೀದೂ ಅಲ್ಲ. ಎಲ್ಲೆಲ್ಲೋ ಇರೋರು ಸೇರಿ ಬರೆದಿರೋದು. ಹೇಗೆ ಬರೆದಿದಾರೆ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು. ಬೇಡದ್ದನ್ನ ತೆಗೆದು ಹಾಕಬಹುದು."

"ಬೇಡದ್ದೆಲ್ಲ ತೆಗೆದ್ರೆ ಏನು ಉಳಿಯತ್ತಮ್ಮ?"

"ನಿಮಗೇನು ಬೇಕು ಹೇಳಿ, ಅದು."

ಅವನು ಸ್ವಲ್ಪ ಯೋಚಿಸಿ, "ಒಂದು ಕಾಗದ, ಒಂದು ಪೆನ್ನು, ಬರೆದಿದ್ದನ್ನ ಓದಿ ಹೇಳೋಕೆ ಒಂದು ಬಾಯಿ. ಕೇಳಿದಾಗ ಮಾತಾಡ್ಬೇಕು, ಕೇಳದೆ ಇದ್ದಾಗ ಬಾಯಿ ಮುಚ್ಕೊಂಡಿರ್ಬೇಕು" ಅಂದ.

"ಅಂಥೋರು ಮನುಷ್ಯರಲ್ಲಿ ಸಿಗೋದು ಕಷ್ಟ ಅಂಕಲ್, ಕಂಪ್ಯೂಟರಲ್ಲಿ ನೋಡೋಣ."

ಎಲ್ಲವೂ ಮೊದಲ ದಿನವೇ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮೂರು ಸಲ ಹಾಕಿ ಮೂರು ಸಲ ತೆಗೆದರು. ಒಮ್ಮೆ ಶಬ್ದವೇ ಬರಲಿಲ್ಲ. ಒಮ್ಮೆ ಬಂತು, ಕನ್ನಡ ಬರಲಿಲ್ಲ. ಕೊನೆಗೆ ಕಿಟಕಿ, ಚಿತ್ರ, ಬಾಣ ಯಾವುದೂ ಇಲ್ಲದೆ ಬರಿಯ ಅಕ್ಷರದಲ್ಲೇ ನಡೆಯುವ ಹಾಗೆ ಮಾಡಿಕೊಟ್ಟರು. ಕೊಡಬೇಕಾದ ಆಜ್ಞೆಗಳು ಹನ್ನೆರಡೋ ಹದಿನಾಲ್ಕೋ. ಅವನು ಅವನ್ನು ದಪ್ಪ ರಟ್ಟಿನ ಮೇಲೆ ಬ್ರೈಲ್‌ನಲ್ಲಿ ಚುಚ್ಚಿ ಮೇಜಿನ ಅಂಚಿಗೆ ಕಟ್ಟಿಕೊಂಡ. ತಿಂಗಳೊಳಗೆ ರಟ್ಟು ಬೇಡವಾಯಿತು.

ಸ್ವಿಚ್ ಒತ್ತಿ ಹದಿನಾಲ್ಕು ಎಣಿಸುವಷ್ಟರಲ್ಲಿ ಯಂತ್ರ "ಸಿದ್ಧ" ಎನ್ನುತ್ತಿತ್ತು. ಅಷ್ಟೇ. ಹವಾಮಾನವಿಲ್ಲ, ಕಾಲು ಉಳುಕಿದವರಿಲ್ಲ. ಮೊದಲ ಸಲ ಅದನ್ನು ಕೇಳಿದಾಗ ಅವನು ಇನ್ನೂ ಏನಾದರೂ ಬಂದೀತೆಂದು ತಲೆ ವಾರೆ ಮಾಡಿಕೊಂಡು ಕಾದ. ಏನೂ ಬರಲಿಲ್ಲ. ಅವನ ಮುಖದ ಮೇಲೆ ಆಗ ಬಂದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ದನಿ ಕೇಳಲು ಹಿತವಾಗಿರಲಿಲ್ಲ. ಯಾರೋ ಮೂಗು ಹಿಡಿದುಕೊಂಡು ತಗಡಿನ ಡಬ್ಬಿಯೊಳಗಿಂದ ಮಾತಾಡಿದ ಹಾಗಿತ್ತು. ಪುಣ್ಯಕ್ಕೆ ಅಕ್ಕನಿಗೆ ಕೇಳುತ್ತಿರಲಿಲ್ಲ. ವಾಕ್ಯದ ಕೊನೆಯನ್ನು ಅದು ನುಂಗಿಹಾಕುತ್ತಿತ್ತು. ಅವನು ಅದನ್ನು ಮಾಡಿದವರಿಗೆ ಒಂದು ಇ-ಮೇಲ್ ಬರೆದ. ನಾಲ್ಕು ದಿನಕ್ಕೆ ಉತ್ತರ ಬಂತು. ಎಲ್ಲೋ ದೂರದ ಒಬ್ಬ, ಕನ್ನಡವೇ ಬಾರದವನು, ಇನ್ನಷ್ಟು ಉದಾಹರಣೆ ಕಳಿಸಿ ಎಂದು ಕೇಳಿದ್ದ. ಇವನು ನಲವತ್ತು ವಾಕ್ಯ ಕಳಿಸಿದ. ಎರಡು ತಿಂಗಳಲ್ಲಿ ವಾಕ್ಯಗಳು ಪೂರ್ತಿಯಾಗಿ ಮುಗಿಯತೊಡಗಿದವು. ಅವತ್ತು ಅವನು ನನ್ನ ಮೊಣಕೈ ಹಿಡಿದು, "ಆಚೆ ಕಡೆ ಯಾರೋ ಇದ್ದಾರೆ ಕಣೋ ಪ್ರೂಫು" ಅಂದ.

ನನಗೆ ಖುಷಿಯಾಯಿತು. ಜೊತೆಗೆ ಇನ್ನೊಂದೂ ಆಯಿತು. ಅದನ್ನು ಮುಚ್ಚಿಟ್ಟು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ. ನನ್ನ ಕೆಲಸ ಹೋಯಿತು. ಮುಚ್ಚಲು ಡಬ್ಬಿಗಳಿರಲಿಲ್ಲ. ಹತ್ತಕ್ಕೆ ಹೋಗಿ ಸ್ಟೂಲಿನ ಮೇಲೆ ಕೂತರೆ ಅವನು ಬರೆದದ್ದನ್ನು ಯಂತ್ರದ ಬಾಯಲ್ಲಿ ಕೇಳಿ ತಾನೇ ತಿದ್ದುತ್ತಿದ್ದ. ನನ್ನ ಕನ್ನಡಕ ಜೇಬಿನಲ್ಲೇ ಇರುತ್ತಿತ್ತು.

ಒಂದೇ ಒಂದು ಕೆಲಸ ಉಳಿದಿತ್ತು. ಯಂತ್ರದ ಪಕ್ಕದಲ್ಲಿ ಮಾನಿಟರ್ ಹಾಗೇ ಇತ್ತು. ಹೋದ ಕೂಡಲೇ ಅವನು ಕೇಳುತ್ತಿದ್ದ.

"ಪ್ರೂಫು, ಪರದೆ ನೋಡು. ಏನಾದ್ರೂ ಇದ್ಯಾ?"

"ಇಲ್ಲ. ಪೂರ್ತಿ ಕಪ್ಪು."

"ಕೆಳಗೆ ಮೂಲೇಲಿ ಸಣ್ಣ ದೀಪ. ಯಾವ ಬಣ್ಣ?"

"ಕಿತ್ತಳೆ."

"ಹಸಿರೇನೂ ಆಗಿಲ್ವಲ್ಲ?"

"ಇಲ್ಲಪ್ಪ, ಕಿತ್ತಳೆ."

"ಸರಿ ಹಾಗಾದ್ರೆ. ಹಸಿರಾಗಿದ್ರೆ ಏನೋ ಎಡವಟ್ಟು ಅಂತ. ನೋಡಿ ಹೇಳೋರು ಬೇಕು ನೋಡು" ಎಂದು ಕುರ್ಚಿಗೆ ಒರಗುತ್ತಿದ್ದ. ಆಮೇಲೆ ಅಕ್ಕ ಚಹಾ ತರುತ್ತಿದ್ದರು.

ದೀಪದ ಬಣ್ಣ ಹೇಳಲು ಎರಡು ಬಸ್ಸು ಬದಲಿಸಿ ಬರಬೇಕೇ ಎಂದು ನನಗೆ ಅನ್ನಿಸತೊಡಗಿತು. ಮೊದಲು ಒಂದು ಭಾನುವಾರ ತಪ್ಪಿಸಿದೆ. ಮಂಡಿ ನೋವು ಅಂದೆ, ನೋವು ಇತ್ತು ಕೂಡ. ಆಮೇಲೆ ವಾರ ಬಿಟ್ಟು ವಾರ. ಕೊನೆಯ ವರ್ಷ ತಿಂಗಳಿಗೊಮ್ಮೆ ಹೋದರೆ ಹೆಚ್ಚು. ಯಾಕೆ ಬರಲಿಲ್ಲ ಎಂದು ಅವನು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಬಹುದಿತ್ತು. ಕೇಳದೆ ಇದ್ದದ್ದನ್ನು ನಾನು ಬೇರೆ ರೀತಿ ತೆಗೆದುಕೊಂಡೆ. ಇವನಿಗೆ ಈಗ ಯಾರೂ ಬೇಡ ಎಂದುಕೊಂಡೆ. ಮನೆಯಲ್ಲಿ ಕೂತು ಹಳೆಯ ಪುಸ್ತಕಗಳಲ್ಲಿ ಅಚ್ಚಿನ ತಪ್ಪು ಹುಡುಕಿ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದೆ. ಯಾರಿಗೂ ಕಳಿಸಲು ಅಲ್ಲ.

ಒಂದು ಬುಧವಾರ ಬೆಳಗ್ಗೆ ಟೀಚರು ಫೋನ್ ಮಾಡಿದರು. ಆಪರೇಟರನನ್ನು ಆಸ್ಪತ್ರೆಗೆ ಸೇರಿಸಿದ್ದಾರೆ, ಎದೆನೋವು, ಅವನ ಹಳೆಯ ಆಸ್ಪತ್ರೆಯೇ. ಅವರು ಶಾಲೆಗೆ ಓಡುವ ಅವಸರದಲ್ಲಿದ್ದರು, ವಾರ್ಡು ಯಾವುದೆಂದು ಗೊತ್ತಿರಲಿಲ್ಲ. ನಾನು ಆಸ್ಪತ್ರೆಗೆ ಫೋನ್ ಮಾಡಿದೆ. ನಂಬರು ನನ್ನ ಬೆರಳಿಗೆ ಇನ್ನೂ ನೆನಪಿತ್ತು. ಒಂದನ್ನು ಒತ್ತಿ, ಎರಡನ್ನು ಒತ್ತಿ. ಎರಡನ್ನು ಒತ್ತಿದೆ. ಪುರುಷರ ವಾರ್ಡಿಗೆ ಒಂದನ್ನು ಒತ್ತಿ ಅಂದಿತು. ಒತ್ತಿದೆ. ಸಂಗೀತ ಬಂತು. ಮತ್ತೆ ಮೊದಲಿನದಕ್ಕೇ ಬಂದು ನಿಂತಿತು. ನಾಲ್ಕು ಸಲ ಹೀಗಾಯಿತು. ಆ ಕುರ್ಚಿಯಲ್ಲಿ ಅವನಿದ್ದಿದ್ದರೆ ನನ್ನ ಕೆಮ್ಮಿಗೇ ಲೈನ್ ಕೊಡುತ್ತಿದ್ದ.

ನಾನು ಬಸ್ಸು ಬದಲಿಸಿ ತಲುಪುವ ಹೊತ್ತಿಗೆ ಮುಗಿದಿತ್ತು. ಅಕ್ಕ ವಾರ್ಡಿನ ಹೊರಗಿನ ಬೆಂಚಿನಲ್ಲಿ ಅವನ ಕೋಲು ಹಿಡಿದು ಕೂತಿದ್ದರು. "ಏನೋ ಹೇಳಿದ ಕಣಪ್ಪ ಕೊನೇಲಿ, ನನಗೆ ಕೇಳಲಿಲ್ಲ" ಅಂದರು. ಆ ಮಾತು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಎರಡು ವಾರ ಕಳೆದ ಮೇಲೆ ಅವನ ಬರವಣಿಗೆಯನ್ನು ತೆಗೆದುಕೊಂಡು ಹೋಗು ಎಂದು ಅಕ್ಕ ಹೇಳಿಕಳಿಸಿದರು. ನಾನು ಹೋದೆ. ಅವತ್ತು ಭಾನುವಾರವಲ್ಲ. ಕುರ್ಚಿಯಲ್ಲಿ ಕೂರಲು ಮನಸ್ಸಾಗದೆ ಸ್ಟೂಲನ್ನೇ ಎಳೆದುಕೊಂಡೆ. ಯಂತ್ರದ ಸ್ವಿಚ್ ಹಾಕಿದೆ, ಗೋಡೆಯಲ್ಲಿದ್ದ ಮಾನಿಟರಿನ ಸ್ವಿಚ್ಚನ್ನೂ ಹಾಕಿದೆ. ಹದಿನಾಲ್ಕು ಎಣಿಸುವಷ್ಟರಲ್ಲಿ "ಸಿದ್ಧ" ಎಂಬ ದನಿ ಬಂತು.

ಆಗ ಮಾನಿಟರ್ ಬೆಳಗಿತು. ಕಪ್ಪಿನ ನಡುವೆ ಒಂದು ಸಣ್ಣ ಡಬ್ಬಿ ತೇಲಿ ಬಂತು: ಸಂಕೇತ ಬರುತ್ತಿಲ್ಲ, ಕೇಬಲ್ ಜೋಡಿಸಿದೆಯೇ ನೋಡಿ. ಅರ್ಧ ನಿಮಿಷ ಅತ್ತಿತ್ತ ತೇಲಿ ಮಾಯವಾಯಿತು. ಮೂಲೆಯ ದೀಪ ಹಸಿರಿನಿಂದ ಕಿತ್ತಳೆಗೆ ತಿರುಗಿತು.

ಬಗ್ಗಿ ಹಿಂದೆ ನೋಡಿದೆ. ಮಾನಿಟರಿನಿಂದ ಒಂದೇ ವೈರು ಹೊರಟು ಗೋಡೆಗೆ ಹೋಗಿತ್ತು. ಯಂತ್ರಕ್ಕೆ ಹೋಗಬೇಕಾದ ಇನ್ನೊಂದು ವೈರೇ ಇರಲಿಲ್ಲ. ಅದನ್ನು ಜೋಡಿಸುವ ಜಾಗದಲ್ಲಿ ದಪ್ಪಗೆ ಧೂಳು ಕೂತಿತ್ತು. ಎರಡು ವರ್ಷ ನಾನು ಅದರ ಮುಂದೆ ಕೂತು ದೀಪದ ಬಣ್ಣ ಹೇಳಿದ್ದೆ. ಒಂದು ದಿನವೂ ಹಿಂದೆ ಬಗ್ಗಿ ನೋಡಿರಲಿಲ್ಲ.

ಸಂಜೆ ಶಾಲೆ ಬಿಟ್ಟ ಮೇಲೆ ಟೀಚರು ಬಂದರು. ಅವರು ಧೂಳನ್ನು ನೋಡಿ ನನ್ನ ಕಡೆ ತಿರುಗಿದರು.

"ನಿಮಗೆ ಗೊತ್ತಿರಲಿಲ್ವಾ ಸರ್? ಕೇಬಲ್ ಮೊದಲ್ನೇ ವಾರವೇ ತೆಗೆಸಿದ್ರು ಅಂಕಲ್. ನನಗೆ ಪರದೆ ಯಾಕಮ್ಮ, ನಿಮ್ಮ ಲ್ಯಾಬಿಗೆ ಬೇಕಾದ್ರೆ ತಗೊಂಡು ಹೋಗು ಅಂತ ಕೇಬಲ್ ನನಗೇ ಕೊಟ್ರು. ಮಾನಿಟರನ್ನೂ ತಗೊಂಡು ಹೋಗ್ಲಾ ಅಂದೆ. ಅದು ಬೇಡ, ಇರ್ಲಿ ಅಂದ್ರು."

"ಯಾಕಂತೆ?"

ಅವರು ಸ್ವಲ್ಪ ಹಿಂದೆಮುಂದೆ ನೋಡಿದರು. "ಪ್ರೂಫು ಬಂದ್ರೆ ನೋಡೋಕೆ ಏನಾದ್ರೂ ಇರ್ಬೇಕಲ್ಲ ಅಂದ್ರು. ಕೇಬಲ್ ಇಲ್ಲದೆ ಹಾಕಿದ್ರೆ ಏನಾದ್ರೂ ಅಕ್ಷರ ಬರತ್ತಾ ಅಂತ ಕೇಳಿದ್ರು. ಒಂದು ಅರ್ಧ ನಿಮಿಷ ಬರತ್ತೆ, ಆಮೇಲೆ ಹೋಗಿ ಕಿತ್ತಳೆ ದೀಪ ಮಾತ್ರ ಉಳಿಯತ್ತೆ ಅಂತ ಹೇಳಿದೆ."

ಅಕ್ಕ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಮ್ಮ ಮಾತು ಅವರಿಗೆ ಕೇಳಿಸಿರಲಾರದು. ನಾವು ಮಾನಿಟರಿನ ಹಿಂಭಾಗ ನೋಡುತ್ತಿದ್ದದ್ದನ್ನು ಮಾತ್ರ ನೋಡಿದ್ದರು.

"ಅದರ ಸ್ವಿಚ್ಚು ನಾನೇ ಹಾಕ್ತಿದ್ದೆ ಕಣಪ್ಪ, ಭಾನುವಾರ ಎಂಟಕ್ಕೆ. ಹತ್ತಕ್ಕೆ ಪ್ರೂಫು ಬರ್ತಾನೆ, ಎಂಟಕ್ಕೇ ಹಾಕಿಬಿಡು ಅಂತಿದ್ದ. ಯಾಕೋ ಏನೋ. ನೀನು ಬರದೆ ಹೋದ ಭಾನುವಾರನೂ ಹಾಕಿಸ್ತಿದ್ದ. ಸಂಜೆ ಆರಿಸು ಅಂತಿದ್ದ, ಆರಿಸ್ತಿದ್ದೆ."

ನಾನು ಚಹಾ ತೆಗೆದುಕೊಂಡೆ. ಟೀಚರು ಲೋಟ ನೋಡುತ್ತ ಕೂತರು. ಆಮೇಲೆ, "ಲ್ಯಾಬಲ್ಲಿ ಕೇಬಲ್ ಇದೆ ಸರ್, ನಾಳೆ ತಂದು ಹಾಕ್ತೀನಿ. ಕಣ್ಣಲ್ಲೇ ಓದಬಹುದು" ಅಂದರು.

ಬೇಡ ಅಂದೆ. ಇದರಲ್ಲಿ ದೊಡ್ಡ ಭಾವನೆಯೇನೂ ಇರಲಿಲ್ಲ, ಹಳೆಯ ಅಭ್ಯಾಸ ಅಷ್ಟೇ. ಮುದ್ರಣಾಲಯದಲ್ಲಿ ನಾವು ಇಬ್ಬಿಬ್ಬರು ಕೂತು ಪ್ರೂಫ್ ನೋಡುತ್ತಿದ್ದೆವು. ಒಬ್ಬ ಮೂಲ ಹಸ್ತಪ್ರತಿಯನ್ನು ಅಲ್ಪವಿರಾಮ ಪೂರ್ಣವಿರಾಮ ಸಹಿತ ಗಟ್ಟಿಯಾಗಿ ಓದುತ್ತಿದ್ದ, ಇನ್ನೊಬ್ಬ ಕರಡಿನ ಮೇಲೆ ಪೆನ್ಸಿಲ್ ಹಿಡಿದಿರುತ್ತಿದ್ದ. ಆ ಯಂತ್ರವೂ ಹಾಗೇ ಓದುತ್ತದೆ. ಟೀಚರು ಅವನ ಬರವಣಿಗೆಯನ್ನೆಲ್ಲ ಕಾಗದದ ಮೇಲೆ ಮುದ್ರಿಸಿಕೊಟ್ಟರು, ಆ ಆಜ್ಞೆಗಳನ್ನು ನನಗೂ ಕಲಿಸಿದರು. ಈಗ ಭಾನುವಾರ ಹತ್ತಕ್ಕೆ ಹೋಗಿ ಸ್ಟೂಲಿನಲ್ಲಿ ಕೂರುತ್ತೇನೆ. ಯಂತ್ರ ಮೂಗಿನಲ್ಲಿ ಓದುತ್ತದೆ, ನಾನು ಕಾಗದ ನೋಡುತ್ತೇನೆ. ಅವನು ಹೆದರಿದ್ದಷ್ಟು ತಿದ್ದುತ್ತಿಲ್ಲ.

ಪುಸ್ತಕದಲ್ಲಿ ಅರವತ್ತೆರಡು ಜನ ಇದ್ದಾರೆ. ನಾನಿಲ್ಲ. ಮೊದಲು ಹುಡುಕಿದೆ, ಸುಳ್ಳು ಹೇಳುವುದಿಲ್ಲ. ಅಕ್ಕನಿಗೆ ಕೂಗಿ ಹೇಳಿದೆ. "ನಿನ್ನನ್ನ ಯಾಕೆ ಹಾಕ್ತಾನೆ? ಅದು ಅವನು ಭೇಟಿ ಆಗದೆ ಇರೋರ ಪುಸ್ತಕ ಅಲ್ವಾ" ಅಂದರು. ಹೌದು.

ಗುರುವಾರದವನು ಅರವತ್ತೆರಡನೆಯವನು. ಚುಕ್ಕಿಯಾಗಿ ಹೋದ ಆ ಎರಡು ದಿನದ ಬರಹವನ್ನು ಅವನು ಮತ್ತೆ ಬರೆಯುವುದಿಲ್ಲ ಅಂದಿದ್ದ, ಆದರೆ ಬರೆದಿದ್ದಾನೆ. ಹಿಂದಿನದಕ್ಕಿಂತ ಚಿಕ್ಕದಿರಬೇಕು. ಒಬ್ಬ ಮನುಷ್ಯ ಪ್ರತಿ ಗುರುವಾರ ಮಧ್ಯಾಹ್ನ ಮೂರಕ್ಕೆ ಫೋನ್ ಮಾಡಿ, ರೋಗಿಗಳನ್ನು ನೋಡಲು ಬರುವ ಹೊತ್ತು ಯಾವುದು ಎಂದು ಕೇಳುತ್ತಿದ್ದನಂತೆ. ನಾಲ್ಕರಿಂದ ಆರು ಎಂದು ಇವನು ಹೇಳುತ್ತಿದ್ದ. ಸರಿ, ಥ್ಯಾಂಕ್ಸ್ ಎಂದು ಅವನು ಇಡುತ್ತಿದ್ದ. ಒಂದೂವರೆ ವರ್ಷ ಹೀಗೇ ನಡೆದ ಮೇಲೆ ಒಂದು ಗುರುವಾರ ಆಪರೇಟರ್ ಕುತೂಹಲ ತಡೆಯದೆ, ನಿಮ್ಮವರು ಯಾವ ವಾರ್ಡಿನಲ್ಲಿದ್ದಾರೆ ಎಂದು ಕೇಳಿದ. ಆಚೆ ಕಡೆ ಸ್ವಲ್ಪ ಹೊತ್ತು ಉಸಿರು ಮಾತ್ರ ಕೇಳಿತು. ಆಮೇಲೆ ಲೈನ್ ಕಡಿಯಿತು. ಆ ಮನುಷ್ಯ ಮತ್ತೆಂದೂ ಫೋನ್ ಮಾಡಲಿಲ್ಲ.

ಕೊನೆಯ ಪ್ಯಾರಾ ಮೂರೇ ಸಾಲು. ಯಂತ್ರ ಅದನ್ನು ತನ್ನ ತಗಡಿನ ದನಿಯಲ್ಲಿ, ಕೊನೆಯನ್ನು ನುಂಗದೆ, ವಿರಾಮಗಳ ಸಹಿತ ಓದಿತು: "ಅವನಿಗೆ ಬೇಕಾಗಿದ್ದದ್ದು ಹೊತ್ತು ಕೇಳಲು ಒಂದು ಜಾಗ ಅಲ್ಪವಿರಾಮ ನನ್ನ ಕೆಲಸ ಹೊತ್ತು ಹೇಳುವುದಷ್ಟೇ ಆಗಿತ್ತು ಪೂರ್ಣವಿರಾಮ ನಾನು ಯಾಕೆ ಎಂದು ಕೇಳಬಾರದಿತ್ತು ಪೂರ್ಣವಿರಾಮ ಆಮೇಲೆ ಯಾರನ್ನೂ ಕೇಳಲಿಲ್ಲ ಪೂರ್ಣವಿರಾಮ"

ನಾನು ಅದನ್ನು ಎರಡು ಸಲ ಓದಿಸಿದೆ. ತಪ್ಪೇನೂ ಇರಲಿಲ್ಲ. ಅಂಚಿನಲ್ಲಿ ಸರಿ ಎಂದು ಗುರುತು ಹಾಕಿದೆ.

ಅಕ್ಕ ಈಗಲೂ ಭಾನುವಾರ ಎಂಟಕ್ಕೆ ಮಾನಿಟರಿನ ಸ್ವಿಚ್ ಹಾಕಿಡುತ್ತಾರೆ. ಹಾಕಬೇಕಾಗಿಲ್ಲ ಎಂದು ನಾನು ಹೇಳಿಲ್ಲ. ಹತ್ತಕ್ಕೆ ನಾನು ಹೋಗುವಾಗ ಪರದೆ ಕಪ್ಪಾಗಿರುತ್ತದೆ. ಕೆಮ್ಮಿಕೊಂಡು ಒಳಗೆ ಹೋಗುತ್ತೇನೆ, ಮೊದಲು ಮೂಲೆಯ ದೀಪ ನೋಡುತ್ತೇನೆ, ಆಮೇಲೆ ಸ್ಟೂಲು ಎಳೆದುಕೊಳ್ಳುತ್ತೇನೆ.